ತಾಯಿಯ ಜೊತೆ ಬಂದ ಮಗು



ಗಂಡ ತೀರಿಕೊಂಡವಳ, ಗಂಡನಿಂದ ಬಿಡುಗಡೆ ಪಡೆದವಳ ಮರುಮದುವೆ ನಮ್ಮ ಸಮಾಜಕ್ಕೆ ಹೊಸದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಉಡಿಕಿ ಎಂಬ ಮಾತು ಕೇಳದ ಹಿರಿಯರಿಲ್ಲ. ವೇದಿಕೆಯ ಮೇಲೆ ಇದನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಅವಳ ಸೆರಗು ಹಿಡಿದು ಬಂದ ಮಗುವಿನ ಮಾತು ಬಂದರೆ ವೇದಿಕೆ ಸುಮ್ಮನಾಗುತ್ತದೆ. 1856ರ ವಿಧವಾ ವಿವಾಹ ಕಾಯ್ದೆಯ ಪ್ರಕಾರ ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಿದ್ದಳು. ಮಕ್ಕಳಿಗೆ ಬೇರೆ ಪೋಷಕರನ್ನು ನೇಮಿಸಿರೆಂದು ಸತ್ತವನ ಕಡೆಯವರು ಕೋರ್ಟಿಗೆ ಹೋಗಬಹುದಿತ್ತು. ಆ ಕಾಯ್ದೆ ಈಗ ಇಲ್ಲ. ‘ಕೂಸನ್ನ ಅಜ್ಜನ ಮನಿಯಾಗ ಬಿಟ್ಟು ಹೋಗವ್ವಾ’ ಎನ್ನುವವರು ಇದ್ದೇ ಇದ್ದಾರೆ.

ಇನ್ನೂ ಕಠಿಣವಾದ ಪ್ರಶ್ನೆ ಮುಂದಿದೆ. ಆ ಎರಡನೆಯ ಮದುವೆಯೂ ಮುರಿದರೆ? ಆರೆಂಟು ವರ್ಷ ‘ಅಪ್ಪಾ’ ಎನಿಸಿಕೊಂಡವನು ಮಗುವಿನ ಶಾಲೆಯ ಫೀ, ದವಾಖಾನೆಯ ಖರ್ಚು ಕೊಡಬೇಕೆ? ಅದನ್ನು ತನ್ನ ಬಳಿ ಇಟ್ಟುಕೊಳ್ಳುವ, ಹೋಗಿ ನೋಡುವ ಹಕ್ಕು ಅವನಿಗಿದೆಯೆ?

ಪ್ರತ್ಯೇಕ ಧರ್ಮದ ಮಾನ್ಯತೆಗಾಗಿ ನಮ್ಮ ಹೋರಾಟ ನಡೆದೇ ಇದೆ. ಆದರೂ ಇಂದು ಕೋರ್ಟು ತೆರೆದು ನೋಡುವುದು 1955 ಮತ್ತು 1956ರ ಹಿಂದೂ ಕಾಯ್ದೆಗಳನ್ನೇ. ವೀರಶೈವ, ಲಿಂಗಾಯತ ಎಂಬ ಹೆಸರುಗಳು ಅವುಗಳಲ್ಲೇ ಅಚ್ಚಾಗಿವೆ. ಅಲ್ಲಿನ ಉತ್ತರ ಚುಟುಕಾಗಿದೆ. ಅಪ್ರಾಪ್ತರ ಪಾಲಕತ್ವ ಕಾಯ್ದೆಯ 6ನೆಯ ಕಲಮು ‘ತಂದೆ’ ಎಂದರೆ ಮಲತಂದೆ ಅಲ್ಲ ಎಂದು ಬಿಡಿಸಿ ಹೇಳಿದೆ. ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೆಯ ಕಲಮು ಮಗುವಿನ ಹೊಣೆಯನ್ನು ಅದರ ಸ್ವಂತ ತಂದೆತಾಯಿಯ ಮೇಲೆ ಹೊರಿಸಿದೆ. ಹಳೆಯ 125ನೆಯ ಕಲಮು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಅಲ್ಲಿಯೂ ಹೊಣೆ ತನ್ನ ಮಗುವಿನದು ಮಾತ್ರ. ಅಂದರೆ ಮಲತಂದೆ ವಿಚ್ಛೇದನದಲ್ಲಿ ತನ್ನ ಹೆಂಡತಿಗೆ, ತನಗೆ ಹುಟ್ಟಿದ ಮಕ್ಕಳಿಗೆ ಜೀವನಾಂಶ ಕೊಡಬೇಕಾಗಬಹುದು. ಅವಳ ಜೊತೆ ಬಂದ ಮಗುವಿಗೆ ಕೊಡಲೇಬೇಕೆಂದು ಇವು ಹೇಳುವುದಿಲ್ಲ.

ಹೆತ್ತ ತಂದೆ ಬದುಕಿದ್ದರೆ ಅವನ ಹೊಣೆ ತಪ್ಪಿಲ್ಲ. ‘ಅವಳು ಬೇರೆ ಮದುವಿ ಆದಳು, ಇನ್ನ ನನಗೇನ ಸಂಬಂಧ’ ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವನು ತೀರಿಕೊಂಡಿದ್ದರೆ ಅವನ ಹೊಲದಲ್ಲಿ ಮಗುವಿಗೆ ಪಾಲಿದೆ. ತಾಯಿಯ ಮರುಮದುವೆಯಿಂದ ಉತಾರದಲ್ಲಿ ಮಗುವಿನ ಹೆಸರು ಕೆಡಿಸಲು ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಅಧಿಕಾರವಿಲ್ಲ. ಹಾಗೆಯೇ ಆ ಹೊಲ ಮಾರಲು ಮಲತಂದೆಯ ಸಹಿಗೆ ಬೆಲೆಯಿಲ್ಲ. ತಾಯಿಯೂ ಕೋರ್ಟಿನ ಅಪ್ಪಣೆ ಪಡೆಯಬೇಕು.

ಮಲತಂದೆಯ ಕಡೆಯಿಂದಲೂ ನೋಡೋಣ. ಕೈಹಿಡಿದು ಶಾಲೆಗೆ ಕಳಿಸಿದ ಮಗು ಒಂದು ದಿನ ಕಣ್ಮರೆಯಾದರೆ ಅವನಿಗೂ ಸಂಕಟವಿದೆ. 1890ರ ಪಾಲಕರ ಕಾಯ್ದೆಯಡಿ ಅವನು ಅರ್ಜಿ ಹಾಕಬಹುದು. ಕೋರ್ಟು ಮಗುವಿನ ಹಿತ ನೋಡುತ್ತದೆ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಗಣಿಸುತ್ತದೆ. ಆದರೆ ಅದು ಕೇಳುವ ಅವಕಾಶ, ಹುಟ್ಟಿನಿಂದ ಬಂದ ಹಕ್ಕಲ್ಲ.

ಈ ಅಂತರ ತುಂಬುವ ಗಟ್ಟಿ ದಾರಿ ದತ್ತಕ. ವಿಧಿವತ್ತಾದ ದತ್ತಕವನ್ನು ಮುಂದೆ ಸಿಟ್ಟು ಬಂದಾಗ ರದ್ದು ಮಾಡಲಾಗದು. ಮದುವೆ ಮುರಿದರೂ ತಂದೆತನ ಉಳಿಯುತ್ತದೆ, ಹೊಣೆಯೂ ಹಕ್ಕೂ ಎರಡೂ. ಅದಕ್ಕೆ ಮೊದಲೇ ಮಗುವಿಗೆ ಬಂದ ಆಸ್ತಿ ಮಗುವಿನದೇ. ಹೆತ್ತ ತಂದೆ ಜೀವಂತವಿದ್ದರೆ ಅವನ ಒಪ್ಪಿಗೆ ಬೇಕು. 1956ರ ಕಾಯ್ದೆಯಲ್ಲಿ ಕೆಲವು ತೊಡಕುಗಳಿವೆ: ಹೆಣ್ಣುಮಗುವಿಗೂ ಅವನಿಗೂ 21 ವರ್ಷದ ಅಂತರ ಬೇಕು, ಸ್ವಂತ ಗಂಡುಮಗ ಇದ್ದವನು ಗಂಡುಮಗುವನ್ನು ತೆಗೆದುಕೊಳ್ಳುವಂತಿಲ್ಲ. ಬಾಲನ್ಯಾಯ ಕಾಯ್ದೆಯಡಿ ಬೇರೆ ದಾರಿ ಇದೆ, ಆದೇಶ ಜಿಲ್ಲಾಧಿಕಾರಿಯದು. ಹೆತ್ತ ತಂದೆ ಪ್ರೀತಿಯಿಂದ ನೋಡಿಕೊಂಡು ಖರ್ಚು ಕೊಡುತ್ತಿದ್ದರೆ ದತ್ತಕ ಬೇಡವೆಂದೇ ನಮ್ಮ ಅಭಿಪ್ರಾಯ. ಇರುವ ತಂದೆಯನ್ನು ಮಗುವಿನಿಂದ ಯಾಕೆ ಕಸಿಯಬೇಕು?

2022ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆಂಧ್ರದ ಒಂದು ಪ್ರಕರಣ ತೀರ್ಮಾನಿಸಿತು. ತಂದೆ ಸತ್ತ ಮಗುವಿನ ದಾಖಲೆಯಲ್ಲಿ ತಾಯಿಯ ಎರಡನೆಯ ಗಂಡನನ್ನು ‘ಮಲತಂದೆ’ ಎಂದೇ ಬರೆಯಬೇಕೆಂಬ ಕೆಳಗಿನ ಕೋರ್ಟಿನ ಮಾತನ್ನು ಕ್ರೂರವೆಂದು ತಳ್ಳಿಹಾಕಿತು. ಆ ಮನುಷ್ಯ 2019ರಲ್ಲೇ ನೋಂದಾಯಿತ ಪತ್ರ ಮಾಡಿಸಿ ಮಗುವನ್ನು ದತ್ತಕ ಪಡೆದಿದ್ದ.

ದತ್ತಕದ ಬೆಲೆಯನ್ನು ಕಿತ್ತೂರಿನವರಿಗೆ ಹೇಳಿಕೊಡಬೇಕಿಲ್ಲ. ಶಿವಲಿಂಗರುದ್ರ ಸರ್ಜ ಚೆನ್ನಮ್ಮನ ಹೊಟ್ಟೆಯ ಮಗನಲ್ಲ, ಹಿರಿಯ ರಾಣಿ ರುದ್ರಮ್ಮನ ಮಗ. ಆದರೂ ಅವನು ತೀರಿಕೊಂಡ ಮೇಲೆ ಆ ಗಾದಿಗಾಗಿ 1824ರಲ್ಲಿ ಕತ್ತಿ ಹಿಡಿದವಳು ಚೆನ್ನಮ್ಮ. ಕಂಪನಿಯವರು ತೆಗೆದ ತಕರಾರು ದತ್ತಕ ಸಿಂಧುವಲ್ಲ ಎಂಬುದೇ ಆಗಿತ್ತು.

ಇಂಗ್ಲೆಂಡಿನ 1973ರ ವಿವಾಹ ಕಾಯ್ದೆಯಲ್ಲಿ, ಮನೆಯ ಮಗುವೆಂದು ಸಾಕಿದವನಿಂದ ವಿಚ್ಛೇದನದ ಹೊತ್ತಿಗೆ ಕೋರ್ಟು ಖರ್ಚು ಕೊಡಿಸಬಹುದು. ಎಷ್ಟು ದಿನ ಸಾಕಿದ, ಹೆತ್ತವನ ಹೊಣೆ ಎಷ್ಟು ಎಂಬುದನ್ನೂ ತೂಗುತ್ತದೆ. ಇಲ್ಲಿಯೂ ಅಂಥ ಕಲಮು ಬರಲಿ ಎಂಬುದು ನಮ್ಮ ಬೇಡಿಕೆ. ಹೀಗಾದರೆ ಮಕ್ಕಳಿರುವವಳನ್ನು ಯಾರೂ ಮದುವೆಯಾಗರು ಎಂಬ ಆಕ್ಷೇಪ ಬರುತ್ತದೆ. ಹೊಣೆಗೆ ಹೆದರಿ ಹಿಂದೆ ಸರಿಯುವವನು ಮದುವೆಗೆ ಮೊದಲೇ ಸರಿದರೆ ಆ ಮಗುವಿಗೆ ನಷ್ಟವೇನು?

ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ಮರುಮದುವೆ ನಡೆಸಿಕೊಡುವ ಮಠಗಳಲ್ಲಿ, ಗುರುಗಳು ಅಕ್ಷತೆಗೆ ಮೊದಲು ವರನನ್ನು ಕೇಳಲಿ: ತಾಯಿಯ ಜೊತೆ ಬರುವ ಈ ಮಗುವಿಗೆ ನೀನು ಏನು ಬರೆದುಕೊಡುತ್ತೀ? ದತ್ತಕ ಆಗುವಂತಿದ್ದರೆ ದತ್ತಕ. ಆಗದಿದ್ದರೆ ತಾಯಿ ಅಂಚೆ ಕಚೇರಿಯಲ್ಲಿ ಮಗುವಿನ ಹೆಸರಿನ ಖಾತೆ ತೆರೆಯಲಿ, ಅವನು ತಿಂಗಳು ತಿಂಗಳು ಹಣ ತುಂಬಲಿ. ಮಲಮಗು ಮಲತಂದೆಯ ವಾರಸುದಾರನಲ್ಲ, ಆದ್ದರಿಂದ ಒಂದು ಮೃತ್ಯುಪತ್ರವನ್ನೂ ಬರೆದಿಡಲಿ. ಜನನ ಸೂತಕವನ್ನು ಒಪ್ಪದ ಶರಣರ ಮಠಗಳಲ್ಲಿ ಈ ಪ್ರಶ್ನೆ ಕೇಳಲು ಸಂಕೋಚ ಯಾಕೆ?

ಈಗಾಗಲೇ ತೊಂದರೆಯಲ್ಲಿರುವ ತಾಯಂದಿರು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಮಗುವಿನ ಜನನ ದಾಖಲೆ, ಮೊದಲ ಗಂಡನ ಮರಣ ದಾಖಲೆ ಅಥವಾ ವಿಚ್ಛೇದನದ ಕಾಗದ, ಹೊಲದ ಉತಾರ ಜೊತೆಗಿರಲಿ. ಪಂಚರ ಮುಂದೆ ಆದ ಸೋಡಚೀಟಿ ಇದ್ದರೆ ಅದನ್ನೂ ಒಯ್ಯಿರಿ.