ಹೃದಯವನ್ನು ಪಡೆಯುವವರು, ಹೃದಯವನ್ನು ಕೊಡುವವರು

ಹೃದಯವು ತೀರಾ ದುರ್ಬಲಗೊಂಡು ಔಷಧಗಳೂ ಫಲಿಸದಾದಾಗ ವೈದ್ಯರ ಮುಂದೆ ಮುಖ್ಯವಾಗಿ ಎರಡು ದಾರಿಗಳು ಉಳಿಯುತ್ತವೆ. ಒಂದು, ಮೃತಪಟ್ಟ ಇನ್ನೊಬ್ಬರ ಹೃದಯವನ್ನು ಕಸಿ ಮಾಡುವುದು. ಇನ್ನೊಂದು, ಸೋತ ಹೃದಯಕ್ಕೆ ಯಂತ್ರದ ಆಸರೆ ನೀಡುವುದು. ಎರಡನೆಯ ದಾರಿ ಈಚಿನ ವರ್ಷಗಳಲ್ಲಿ ಬಹಳ ಮುಂದೆ ಸಾಗಿದೆ. ಹಾಗಾದರೆ ಅಂಗದಾನದ ಕಠಿಣ ಪ್ರಶ್ನೆಗೆ ನಾವು ಇನ್ನು ಉತ್ತರಿಸಬೇಕಾಗಿಲ್ಲ ಎಂದು ಕೆಲವರಿಗೆ ಅನಿಸಬಹುದು. ಆ ಸಮಾಧಾನಕ್ಕೆ ಆಧಾರವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಯಂತ್ರದ ಸಾಧನೆಯನ್ನು ಮೊದಲು ನೋಡೋಣ. ಹೃದಯದ ಎಡ ಹೃತ್ಕುಕ್ಷಿಯಿಂದ ರಕ್ತವನ್ನು ಎಳೆದು ಮಹಾಪಧಮನಿಗೆ ತಳ್ಳುವ ಪುಟ್ಟ ಪಂಪನ್ನು ಎಲ್‌ವಿಎಡಿ ಎನ್ನುತ್ತಾರೆ. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂದಿನ ಯಂತ್ರ ಪಡೆದವರ ಪೈಕಿ ಎರಡು ವರ್ಷ ಬದುಕಿದವರು ನೂರಕ್ಕೆ 23 ಮಾತ್ರ. ಮುಂದೆ ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆಸ್ಪತ್ರೆಯ ಹೃದ್ರೋಗತಜ್ಞ ಮನ್‌ದೀಪ್ ಮೆಹ್ರಾ ಮತ್ತು ಅವರ ಸಹೋದ್ಯೋಗಿಗಳು 1028 ರೋಗಿಗಳಲ್ಲಿ ಹೊಸ ಪಂಪನ್ನು ಹಳೆಯದರೊಂದಿಗೆ ಹೋಲಿಸಿದರು. ಹೊಸ ಪಂಪಿನ ಚಕ್ರವು ಕಾಂತಶಕ್ತಿಯಿಂದ ತೇಲುತ್ತಾ ತಿರುಗುವುದರಿಂದ ಒಳಗೆ ರಕ್ತ ಹೆಪ್ಪುಗಟ್ಟುವುದು ಬಹಳ ಕಡಿಮೆ. 2019ರ ವರದಿಯಂತೆ, ತೀವ್ರ ಪಾರ್ಶ್ವವಾಯುವಾಗಲಿ ಪಂಪ್ ಬದಲಿಸುವ ಶಸ್ತ್ರಕ್ರಿಯೆಯಾಗಲಿ ಇಲ್ಲದೆ ಎರಡು ವರ್ಷ ಬದುಕಿದವರು ಹೊಸ ಪಂಪಿನಲ್ಲಿ ನೂರಕ್ಕೆ ಸುಮಾರು 77, ಹಳೆಯದರಲ್ಲಿ 65. ಐದು ವರ್ಷಗಳ ನಂತರ ಜೀವಂತವಿದ್ದವರ ಪ್ರಮಾಣ ಕ್ರಮವಾಗಿ 58 ಮತ್ತು 44. ಇದು ಸಣ್ಣ ಸಾಧನೆಯಲ್ಲ.

ಆದರೂ ಯಂತ್ರವು ಯಂತ್ರವೇ. ಹೊಟ್ಟೆಯ ಚರ್ಮವನ್ನು ಭೇದಿಸಿ ಹೊರಬರುವ ತಂತಿ, ಸದಾ ಹೊತ್ತು ತಿರುಗಬೇಕಾದ ಬ್ಯಾಟರಿ, ಸೋಂಕಿನ ಭಯ, ರಕ್ತಸ್ರಾವದ ಅಪಾಯ ಇವೆಲ್ಲ ಅದರ ಜೊತೆಗೇ ಬರುತ್ತವೆ. ಬಲಭಾಗವೂ ಸೋತ ಹೃದಯಕ್ಕೆ ಅದೊಂದೇ ಸಾಲದು. ಅದರ ಬೆಲೆ ನಮ್ಮ ದೇಶದ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ. ಅನೇಕರಿಗೆ ಅದು ದಾನಿಯ ಹೃದಯ ದೊರೆಯುವವರೆಗಿನ ಸೇತುವೆ ಮಾತ್ರ. ಸೇತುವೆಯ ಆಚೆ ದಡದಲ್ಲಿ ಯಾರೋ ಒಬ್ಬರು ತಮ್ಮವರ ಹೃದಯವನ್ನು ಕೊಡಲು ಒಪ್ಪಿರಬೇಕು.

1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಪ್ರಪಂಚದ ಮೊದಲ ಮಾನವ ಹೃದಯ ಕಸಿ ನಡೆಸಿದರು. ರೋಗಿ ಬದುಕಿದ್ದು 18 ದಿನ. ಆ ಹೃದಯ ಕೊಟ್ಟವಳು ರಸ್ತೆ ಅಪಘಾತದಲ್ಲಿ ಮಿದುಳಿಗೆ ಪೆಟ್ಟಾಗಿದ್ದ ಡೆನಿಸ್ ಡಾರ್ವಲ್ ಎಂಬ 25ರ ಯುವತಿ. ಅದೇ ಅಪಘಾತದಲ್ಲಿ ಪತ್ನಿಯನ್ನೂ ಕಳೆದುಕೊಂಡಿದ್ದ ಆಕೆಯ ತಂದೆ ಕೆಲವೇ ನಿಮಿಷಗಳಲ್ಲಿ ನಿರ್ಧರಿಸಬೇಕಾಯಿತು. ವಿಜ್ಞಾನ ಎಷ್ಟೇ ಮುಂದುವರಿದಿದ್ದರೂ ಆ ಕೆಲವು ನಿಮಿಷಗಳ ಭಾರ ಇಂದಿಗೂ ಕುಟುಂಬದ ಮೇಲೆಯೇ ಇದೆ.

ಮೂತ್ರಪಿಂಡದಂತೆ ಹೃದಯವನ್ನು ಬದುಕಿರುವವರು ಕೊಡಲಾಗದು. ಬಹುತೇಕ ಸಂದರ್ಭಗಳಲ್ಲಿ ಅದು ಬರುವುದು ಮಿದುಳು ನಿಷ್ಕ್ರಿಯಗೊಂಡವರಿಂದ. ವೆಂಟಿಲೇಟರಿನಿಂದಾಗಿ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಇದನ್ನು ಮರಣವೆಂದು ನಂಬಲು ಮನಸ್ಸು ಒಪ್ಪುವುದಿಲ್ಲ. ಅದಕ್ಕೆಂದೇ 1994ರ ನಮ್ಮ ಅಂಗಾಂಗ ಕಸಿ ಕಾನೂನು, ವೈದ್ಯರ ಮಂಡಳಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕೆಂದು ವಿಧಿಸಿದೆ. ಕಸಿ ನಡೆಸುವ ವೈದ್ಯರು ಆ ಮಂಡಳಿಯಲ್ಲಿರುವಂತಿಲ್ಲ.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿಯೂ ಈ ಚರ್ಚೆ ಹೊಸದಲ್ಲ. ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 1986ರಲ್ಲಿ ಅಮ್ಮಾನಿನಲ್ಲಿ ಮಿದುಳಿನ ಎಲ್ಲ ಕಾರ್ಯಗಳೂ ಮರಳಿ ಬಾರದಂತೆ ನಿಂತುಹೋದುದನ್ನು ಮರಣವೆಂದು ಅಂಗೀಕರಿಸಿತು. 1988ರಲ್ಲಿ ಜಿದ್ದಾದಲ್ಲಿ ಮೃತರ ಅಂಗದಾನವನ್ನು ಷರತ್ತುಗಳೊಂದಿಗೆ ಅನುಮತಿಸಿ, ಅಂಗಗಳ ಮಾರಾಟವನ್ನು ನಿಷೇಧಿಸಿತು. ಸೌದಿ ಅರೇಬಿಯ, ತುರ್ಕಿ, ಇರಾನ್‌ಗಳಲ್ಲಿ ಹೃದಯ ಕಸಿ ನಡೆಯುತ್ತಿದೆ. ನಮ್ಮ ಉಪಖಂಡದ ಹಲವು ವಿದ್ವಾಂಸರು ಇದನ್ನು ಒಪ್ಪಿಲ್ಲ. ಮಾನವ ಶರೀರದ ಗೌರವದ ಕುರಿತ ಅವರ ಕಳಕಳಿಯನ್ನು ನಾವು ಹಗುರವಾಗಿ ಕಾಣುವಂತಿಲ್ಲ.

ಆದರೆ ಒಂದು ಪ್ರಶ್ನೆಯಿಂದ ನಾವು ನುಣುಚಿಕೊಳ್ಳಲಾಗದು. ನಮ್ಮ ಮಗನಿಗೋ ಮಗಳಿಗೋ ಹೃದಯ ಬೇಕಾದಾಗ ಪಟ್ಟಿಯಲ್ಲಿ ಹೆಸರು ಬರೆಸಿ ಕೈಯೆತ್ತಿ ಪ್ರಾರ್ಥಿಸುವ ನಾವು, ಕೊಡುವ ಸರದಿ ಬಂದಾಗ ಮಾತ್ರ ಧರ್ಮದ ನೆನಪು ಮಾಡಿಕೊಳ್ಳುವುದು ನ್ಯಾಯವೇ? ಪಡೆಯಲು ಒಂದು ತಕ್ಕಡಿ, ಕೊಡಲು ಇನ್ನೊಂದು ತಕ್ಕಡಿ ಇರುವುದು ಸಲ್ಲದು.

ಆದ್ದರಿಂದ ಈ ಮಾತುಕತೆ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಆರಂಭವಾಗಬಾರದು, ಮನೆಯಲ್ಲಿ ಆಗಬೇಕು. ನಾವು ನಂಬುವ ವಿದ್ವಾಂಸರನ್ನು ಆರೋಗ್ಯದ ದಿನಗಳಲ್ಲಿಯೇ ಕೇಳಿ ತಿಳಿಯೋಣ. ಅಂಗಗಳನ್ನು ತೆಗೆದ ಬಳಿಕ ಶರೀರವನ್ನು ಹೊಲಿದು ಒಪ್ಪಿಸಲಾಗುತ್ತದೆ, ಸ್ನಾನ, ಕಫನ್, ಜನಾಝಾ ನಮಾಝ್‌ಗೆ ಅಡ್ಡಿಯಿಲ್ಲ ಎಂಬುದನ್ನು ಮಹಲ್ಲಾದ ಹಿರಿಯರು ತಿಳಿಸಿಕೊಡಲಿ. ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸರಕಾರಿ ವ್ಯವಸ್ಥೆಯು ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. ಸಂದೇಹಗಳನ್ನು ಅಲ್ಲಿಯೂ ಕೇಳಬಹುದು. ಕೊಡುವುದೆಂದಾಗಲಿ ಬೇಡವೆಂದಾಗಲಿ, ನಮ್ಮ ಇಚ್ಛೆಯನ್ನು ಮನೆಯವರಿಗೆ ಸ್ಪಷ್ಟವಾಗಿ ಹೇಳಿಡೋಣ. ದುಃಖದ ಘಳಿಗೆಯಲ್ಲಿ ಅವರ ಹೆಗಲಿನ ಭಾರವನ್ನು ಅಷ್ಟಾದರೂ ಇಳಿಸಿದಂತಾಗುವುದು.