ಜಕಣನ ಕತೆಯೂ ಕಲ್ಲಿನ ಮೇಲಣ ಹೆಸರುಗಳೂ

ಹಾಸನದ ಸೀಮೆಯಲ್ಲಿ ಯಾವ ಪುರಾತನ ದೇವಾಲಯಕ್ಕೆ ಹೋದರೂ ಯಾತ್ರಿಕನನ್ನು ಬಾಗಿಲಲ್ಲಿಯೇ ಇದಿರ್ಗೊಳ್ಳುವುದು ಒಂದು ಕತೆ. ಅರಕಲಗೂಡಿನಲ್ಲಿ ಗೌತಮ ಋಷಿಗಳು ಅರ್ಕನನ್ನು ಆರಾಧಿಸಿದ ಕತೆ. ಹಾಸನದಲ್ಲಿ ಹುತ್ತದ ರೂಪದಿಂದ ನೆಲಸಿದ ಹಾಸನಾಂಬೆಯ ಕತೆ. ಹೊಯ್ಸಳರ ಗುಡಿಯಾದರೆ ಜಕಣಾಚಾರಿಯ ಕತೆ. ಮೊದಲೆರಡು ಭಕ್ತರ ನಂಬಿಕೆಗೆ ಸೇರಿದುವು. ದೇವರ ಮಹಿಮೆಯನ್ನು ಹೇಳುವ ಕತೆಯಿಂದ ಯಾವ ಮನುಷ್ಯನ ಸ್ವತ್ತೂ ಅಪಹೃತವಾಗುವುದಿಲ್ಲ. ಮೂರನೆಯದರ ಸಂಗತಿ ಬೇರೆ.

ಆ ಕತೆಯನ್ನು ಅರಿಯದವರಿಲ್ಲ. ಬೇಲೂರಿನ ವಿಗ್ರಹದಲ್ಲಿ ದೋಷವುಂಟೆಂದು ತರುಣನೊಬ್ಬನು ಹೇಳುತ್ತಾನೆ. ಹಚ್ಚಿದ ಗಂಧವು ಹೊಕ್ಕುಳಿನ ಬಳಿ ಮಾತ್ರ ಒಣಗದೆ ಉಳಿಯುತ್ತದೆ. ಅಲ್ಲಿ ಕಪ್ಪೆ ಹೊರಬೀಳುತ್ತದೆ. ಜಕಣನು ತನ್ನ ಬಲಗೈಯನ್ನು ಕಡಿದುಕೊಳ್ಳುತ್ತಾನೆ. ತರುಣನು ಮಗನಾದ ಡಂಕಣನೆಂದು ತಿಳಿಯುತ್ತದೆ. ಕಡೆಗೆ ಕೈದಾಳದಲ್ಲಿ ಕೈ ಮರಳಿ ಬರುತ್ತದೆ. ಕತೆ ಸೊಗಸಾದುದು, ವಿದ್ಯಾಗರ್ವವನ್ನು ಮುರಿಯುವ ನೀತಿಯೂ ಅದರಲ್ಲಿದೆ. ಆದರೆ ನಾಡಿನ ಗುಡಿಗಳನ್ನೆಲ್ಲ ಈ ಒಬ್ಬನ ಲೆಕ್ಕಕ್ಕೆ ಬರೆದು ಜನರು ಮನೆಗೆ ಹಿಂದಿರುಗುವುದು ನ್ಯಾಯವೆ?

ಚನ್ನರಾಯಪಟ್ಟಣದ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ ನೋಡಬೇಕು. ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ವೀರ ಸೋಮೇಶ್ವರನ ಕಾಲದಲ್ಲಿ, ಕ್ರಿ. ಶ. ೧೨೪೬ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ತೆಂಕಣ ಗೋಡೆಯ ವಿಗ್ರಹಗಳು ನಂದಿಯ ಬೈಚೋಜನವು; ಬಡಗಣ ಗೋಡೆಯವು ಮಲ್ಲಿತಮ್ಮನವು. ಇದು ಊಹೆಯಲ್ಲ, ಅವರೇ ತಮ್ಮ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಬೇಲೂರಿನ ಗುಡಿ ೧೧೧೭ರದು. ಎರಡಕ್ಕೂ ನಡುವೆ ೧೨೯ ವರ್ಷಗಳ ಅಂತರ. ಒಂದೇ ಕೈ, ಕಡಿದು ಮತ್ತೆ ಬಂದುದೇ ಆದರೂ, ಇಷ್ಟು ಕಾಲ ಉಳಿ ಹಿಡಿಯಲಾರದು. ಬೇಲೂರಿನಲ್ಲಿಯೂ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಮದನಿಕೆಗಳ ಕೆಳಗೆ ತಮ್ಮ ಹೆಸರನ್ನು ಬರೆದಿದ್ದಾರೆ. ಅಲ್ಲಿ ತಂದೆಮಕ್ಕಳ ನಿಜವಾದ ಜೋಡಿಯೊಂದು ಕಣ್ಣೆದುರಿಗೆ ನಿಂತಿದೆ. ನೋಡುವವರಿಗೆ ಕಲ್ಪಿತವಾದ ಜೋಡಿಯೇ ಬೇಕಾಗಿದೆ!

ನಮ್ಮ ಶಿಲ್ಪಿಗಳು ಕೀರ್ತಿಯನ್ನು ಬಯಸದೆ ಅನಾಮಧೇಯರಾಗಿ ದೇವರಿಗೆ ದುಡಿದರೆಂದು ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಹೊಯ್ಸಳ ಶಿಲ್ಪಿಗಳ ವಿಷಯದಲ್ಲಿ ಇದು ಶುದ್ಧ ತಪ್ಪು. ಅವರು ಹೆಸರನ್ನು ಬರೆದರು, ಊರನ್ನು ಬರೆದರು, ಎದುರಾಳಿ ಶಿಲ್ಪಿಗಳನ್ನು ಗೆದ್ದವರೆಂಬ ಬಿರುದುಗಳನ್ನೂ ಬರೆದುಕೊಂಡರು. ಅವರನ್ನು ಅನಾಮಧೇಯರನ್ನಾಗಿ ಮಾಡಿದುದು ಅವರ ವಿನಯವಲ್ಲ, ಓದದವರ ಆಲಸ್ಯ.

ಹಳೆಯ ಲಿಪಿಯನ್ನು ಸಾಮಾನ್ಯರು ಓದಲಾರರೆಂಬ ಸಮಾಧಾನವೂ ನಿಲ್ಲದು. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನು ೧೯೦೨ರಲ್ಲಿಯೇ ಅಚ್ಚು ಮಾಡಿಸಿದರು. ಆರ್. ನರಸಿಂಹಾಚಾರ್ಯರು ಬೇಲೂರಿನ ಗುಡಿಯನ್ನು ಕುರಿತ ಗ್ರಂಥವನ್ನು ೧೯೧೯ರಲ್ಲಿ ಹೊರತಂದರು. ಓದಿಕೊಟ್ಟು ನೂರು ವರ್ಷಗಳು ಕಳೆದ ಮೇಲೆಯೂ ಓದಲು ಬಾರದೆಂದು ಹೇಳುವುದು ನೆವವಲ್ಲದೆ ಮತ್ತೇನು?

ಈ ನಡುವೆ ಜಕಣನು ೧೯೬೪ರಲ್ಲಿ ಚಲಚ್ಚಿತ್ರವೇರಿದನು. ಸರ್ಕಾರದ ಶಿಲ್ಪಪ್ರಶಸ್ತಿಗೂ ಅವನದೇ ಹೆಸರು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಸೋಮನಾಥಪುರದ ಭಿತ್ತಿಯಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಆ ಮಲ್ಲಿತಮ್ಮನದೇ. ಲೋಕವೇ ತಲೆದೂಗಿದ ಕೆಲಸವನ್ನು ಮಾಡಿದವನ ಹೆಸರು ಅವನ ನಾಡಿನ ಮಕ್ಕಳಿಗೆ ತಿಳಿಯದಿರುವುದು ನಾಚಿಕೆಗೇಡು.

ಜಕಣನ ಕತೆಯನ್ನು ಯಾರೂ ಸುಡಬೇಕಾಗಿಲ್ಲ. ಅಜ್ಜಿಯರು ಅದನ್ನು ಹೇಳಲಿ, ಮಕ್ಕಳು ಕೇಳಲಿ. ಆದರೆ ಗುಡಿಯನ್ನು ತೋರಿಸುವವರೂ, ಮಕ್ಕಳನ್ನು ಕರೆತರುವ ಉಪಾಧ್ಯಾಯರೂ ಕತೆ ಮುಗಿದೊಡನೆ ಹೊರಟುಹೋಗದೆ, ಗೋಡೆಯ ಬಳಿ ನಿಂತು, ವಿಗ್ರಹದ ಪಾದದ ಕೆಳಗಣ ಆ ಒಂದು ಸಾಲನ್ನು ಗಟ್ಟಿಯಾಗಿ ಓದಿಹೇಳಲಿ. ದುಡಿದವನಿಗೆ ಕೂಲಿಯನ್ನು ದಂಡನಾಯಕನು ಅಂದೇ ಕೊಟ್ಟಿರಬಹುದು. ಹೆಸರನ್ನು ಕೊಡುವ ಋಣ ಮಾತ್ರ ನೋಡಬಂದವರ ಮೇಲೆ ಉಳಿದಿದೆ.