ಜೇಬುಚಾಕುವಿನ ಲಾಕ್: ಶೇಕಡಾವಾರು ಲೆಕ್ಕದ ಆಚೆಗೆ

ದುಬಾರಿ ಮಡಚುವ ಚಾಕು ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ. ಅಲಗನ್ನು ಬಿಡಿಸುತ್ತಾರೆ, ‘ಟಕ್’ ಎಂದು ಸದ್ದಾಗುತ್ತದೆ, ಚಾಕುವನ್ನು ತಿರುಗಿಸಿ ಹಿಡಿಯ ಸಂದಿಯಲ್ಲಿ ಇಣುಕಿ, ಲಾಕಿನ ಪಟ್ಟಿ ಅಲಗಿನ ಬುಡದ ಮೇಲೆ ಎಷ್ಟು ದೂರ ಬಂದು ಕೂತಿದೆ ಎಂದು ನೋಡುತ್ತಾರೆ. ಬುಡದ ಅಗಲದಲ್ಲಿ ಶೇ. 30ರಷ್ಟನ್ನು ಪಟ್ಟಿ ಆವರಿಸಿದ್ದರೆ ಸಮಾಧಾನ, ಶೇ. 60 ಇದ್ದರೆ ಮೋಸ ಹೋದೆವೇನೋ ಎಂಬ ಕಳವಳ. ಈ ಒಂದು ಅಂಕಿಯ ಮೇಲೆ ಇಷ್ಟೊಂದು ಭಾರ ಹೊರಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಲಾಕ್ ನಂಬಿಕೆಗೆ ಅರ್ಹವೇ ಎಂದು ತಿಳಿಯಲು ನೋಡಬೇಕಾದ ಸಂಗತಿಗಳು ಬೇರೆಯೇ ಇವೆ. ಅವುಗಳನ್ನು ಮನೆಯಲ್ಲೇ, ಯಾವ ವಿಶೇಷ ಉಪಕರಣವೂ ಇಲ್ಲದೆ ನೋಡಬಹುದು.

ಮೊದಲು ಲಾಕಿಗೆ ಇರುವ ಕೆಲಸವೇನು ಎಂಬುದು ಸ್ಪಷ್ಟವಾಗಬೇಕು. ನಮ್ಮ ಮನೆಯ ಈಳಿಗೆಮಣೆಗೆ, ತೋಟದ ಕತ್ತಿಗೆ, ಕೊಡವರ ಪೀಚೆಕತ್ತಿಗೆ ಲಾಕಿನ ಪ್ರಶ್ನೆಯೇ ಇಲ್ಲ. ಅಲಗು ಸ್ಥಿರ. ಮಡಚುವ ಚಾಕುವಿನಲ್ಲಿ ಹಿಡಿಗೂ ಅಲಗಿಗೂ ನಡುವೆ ಕೀಲಿದೆ, ಅಲಗು ಮಡಚಿಕೊಳ್ಳುವ ದಾರಿಯಲ್ಲೇ ನಮ್ಮ ನಾಲ್ಕು ಬೆರಳುಗಳಿವೆ. ಸಾಮಾನ್ಯವಾಗಿ ಕೊಯ್ಯುವಾಗ ಒತ್ತಡ ಬೀಳುವುದು ಅಲಗಿನ ಬಾಯಿಯ ಮೇಲೆ. ಆ ಒತ್ತಡ ಅಲಗನ್ನು ಇನ್ನಷ್ಟು ತೆರೆಯಲು ನೋಡುತ್ತದೆಯೇ ಹೊರತು ಮುಚ್ಚಲು ಅಲ್ಲ. ಅದನ್ನು ತಡೆಯಲು ಹೆಚ್ಚಿನ ಆಧುನಿಕ ಚಾಕುಗಳಲ್ಲಿ ಒಂದು ಗಟ್ಟಿ ಸ್ಟಾಪ್ ಪಿನ್ ಇರುತ್ತದೆ. ಅಂದರೆ ಹಗ್ಗ ಕತ್ತರಿಸುವಾಗ, ಹಣ್ಣು ಹೆಚ್ಚುವಾಗ ಲಾಕ್ ಬಹುಮಟ್ಟಿಗೆ ಸುಮ್ಮನೆ ಕೂತಿರುತ್ತದೆ. ಅದು ದುಡಿಯಬೇಕಾದ ಗಳಿಗೆ ಬರುವುದು ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದಾಗ. ದಪ್ಪ ರಟ್ಟಿನಲ್ಲಿ ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಹೊರಗೆಳೆಯುವಾಗ, ಮೊನೆಯಿಂದ ತೂತು ಕೊರೆಯುವಾಗ, ಕೈ ತಪ್ಪಿ ಬೆನ್ನು ಯಾವುದಕ್ಕೋ ತಗುಲಿದಾಗ.

ಹೀಗಾಗಿ ಲಾಕೇ ಇಲ್ಲದ ಜೇಬುಚಾಕುಗಳು ನೂರಾರು ವರ್ಷ ನಿಶ್ಚಿಂತೆಯಿಂದ ಕೆಲಸ ಮಾಡಿಕೊಂಡು ಬಂದಿವೆ. ವಿಕ್ಟೊರಿನಾಕ್ಸ್‌ನ 91 ಮಿಲಿಮೀಟರ್ ಉದ್ದದ ಪರಿಚಿತ ಕೆಂಪು ಚಾಕುವಿನಲ್ಲಿ ಅಲಗನ್ನು ಹಿಡಿದಿರುವುದು ಬೆನ್ನಿನ ಸ್ಪ್ರಿಂಗ್ ಮಾತ್ರ. ಕಸಿ ಕಟ್ಟುವವರ ಮಡಚುವ ಚಾಕುಗಳಲ್ಲೂ ಬಹುಪಾಲು ಹಾಗೆಯೇ. ಫ್ರಾನ್ಸಿನ ಸವೋಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕು 65 ವರ್ಷ ಲಾಕ್ ಇಲ್ಲದೆಯೇ ಮಾರಾಟವಾಯಿತು. ಅದಕ್ಕೆ ತಿರುಗಿಸುವ ಉಕ್ಕಿನ ಬಳೆ ಬಂದದ್ದು 1955ರಲ್ಲಿ. ಬಳೆಯನ್ನು ತಿರುಗಿಸಿದರೆ ಅಲಗು ಹಿಂದಕ್ಕೆ ಬರುವ ಸಂದಿ ಮುಚ್ಚಿಹೋಗುತ್ತದೆ. ಇಷ್ಟು ಸರಳ ಉಪಾಯ ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅಮೆರಿಕದಲ್ಲಿ ಬಕ್ ಕಂಪನಿಯ 110 ಎಂಬ ಚಾಕು 1964ರಲ್ಲಿ ಬಂದ ಮೇಲೆ, ಹಿಡಿಯ ಬೆನ್ನಿನಲ್ಲಿರುವ ಪಟ್ಟಿ ಅಲಗಿನ ಬುಡವನ್ನು ಕಚ್ಚಿ ಹಿಡಿಯುವ ಬೆನ್ನಿನ ಲಾಕ್ ಮನೆಮಾತಾಯಿತು. 1980ರ ದಶಕದಲ್ಲಿ ಮೈಕೆಲ್ ವಾಕರ್ ಎಂಬ ಕುಶಲಕರ್ಮಿ ಹಿಡಿಯ ಒಳಪಟ್ಟಿಯನ್ನೇ ಸ್ಪ್ರಿಂಗಿನಂತೆ ಸೀಳಿ ಮಾಡುವ ಲೈನರ್ ಲಾಕಿಗೆ ಇಂದಿನ ರೂಪ ಕೊಟ್ಟರು. ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಐಡಹೋ ರಾಜ್ಯಕ್ಕೆ ಬಂದು ನೆಲೆಸಿದ ಕ್ರಿಸ್ ರೀವ್ ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಒಳಗೆ ತೆಳು ಪಟ್ಟಿ ಇಡುವ ಬದಲು ಟೈಟಾನಿಯಂ ಹಿಡಿಯ ಒಂದು ಮಗ್ಗುಲನ್ನೇ ಸೀಳಿ ಲಾಕ್ ಮಾಡಿದರು. ಇದೇ ಫ್ರೇಮ್ ಲಾಕ್. ಅವರ ಸೆಬೆಂಜಾ ಎಂಬ ಚಾಕು ಮೂರು ದಶಕಗಳಿಂದ ಈ ವರ್ಗದ ಮಾದರಿ. ಇವತ್ತು ಅದರ ಬೆಲೆ 400 ಡಾಲರ್‌ಗೂ ಹೆಚ್ಚು. ಆ ಹಣದಲ್ಲಿ ಹತ್ತಕ್ಕೂ ಹೆಚ್ಚು ಒಪಿನೆಲ್ ಚಾಕುಗಳು ಬರುತ್ತವೆ.

ಫ್ರೇಮ್ ಲಾಕನ್ನು ಸ್ವಲ್ಪ ನಿಧಾನವಾಗಿ ಅರ್ಥ ಮಾಡಿಕೊಳ್ಳೋಣ. ಗೊಂದಲ ಹೆಚ್ಚು ಇರುವುದು ಇಲ್ಲಿಯೇ. ಬಾಗಿಲು ಮುಚ್ಚದಿರಲೆಂದು ಕೆಳಗೆ ಮರದ ಬೆಣೆ ತೂರಿಸುತ್ತೇವಲ್ಲ, ಇದರ ಕೆಲಸವೂ ಹಾಗೆಯೇ. ಅಲಗಿನ ಬುಡವನ್ನು ನೇರವಾಗಿ ಕತ್ತರಿಸಿರುವುದಿಲ್ಲ, ಸುಮಾರು 8 ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿ ಸವರಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಬಿಗಿದಿದ್ದ ಪಟ್ಟಿ ಒಳಕ್ಕೆ ಜಿಗಿದು ಆ ಓರೆಯ ಮೇಲೆ ಏರುತ್ತ ಹೋಗಿ, ಇನ್ನು ಮುಂದೆ ಹೋಗಲು ಜಾಗವಿಲ್ಲದೆಡೆ ಗಚ್ಚಾಗಿ ನಿಲ್ಲುತ್ತದೆ. ಈ ಓರೆಯ ಕೋನದಲ್ಲೇ ಎಲ್ಲ ಗುಟ್ಟು. ಕೋನ ಹೆಚ್ಚಾದರೆ ಬೆನ್ನಿನ ಮೇಲೆ ಒತ್ತಡ ಬಿದ್ದಾಗ ಪಟ್ಟಿ ಜಾರಿ ಹಿಂದಕ್ಕೆ ಹೋಗುತ್ತದೆ. ತೀರಾ ಕಡಿಮೆಯಾದರೆ ಪಟ್ಟಿ ಎಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆಂದರೆ ಚಾಕು ಮಡಚಲು ಹೆಬ್ಬೆರಳು ಸಾಲದು. 8 ಡಿಗ್ರಿಯ ಓರೆಯಲ್ಲಿ ಪಟ್ಟಿ ಜಾರದೆ ನಿಲ್ಲಬೇಕಾದರೆ ಘರ್ಷಣೆಯ ಗುಣಾಂಕ 0.14ರಷ್ಟಾದರೂ ಬೇಕು. ಒಣಗಿದ ಟೈಟಾನಿಯಂ ಮತ್ತು ಉಕ್ಕಿನ ನಡುವೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಈ ಲೆಕ್ಕದಿಂದ ಒಂದು ಉಪಯುಕ್ತ ಸಂಗತಿಯೂ ಹೊರಡುತ್ತದೆ: ಲಾಕ್ ಅಲಗಿಗೆ ತಾಗುವ ಜಾಗಕ್ಕೆ ಎಣ್ಣೆ ಹಾಕಬಾರದು. ಎಣ್ಣೆ ಬೇಕಾದದ್ದು ಕೀಲಿಗೆ. ಬುಡದ ಮೇಲಿನ ಎಣ್ಣೆ ಲಾಕ್ ನಂಬಿಕೊಂಡಿರುವ ಘರ್ಷಣೆಯನ್ನೇ ಕಡಿಮೆ ಮಾಡುತ್ತದೆ.

ಫ್ರೇಮ್ ಲಾಕಿಗೆ ಇನ್ನೊಂದು ದೊಡ್ಡ ಗುಣವಿದೆ. ಪಟ್ಟಿ ಹಿಡಿಯ ಹೊರಮೈಯೇ ಆದ್ದರಿಂದ ನಾವು ಬಿಗಿಯಾಗಿ ಹಿಡಿದಷ್ಟೂ ನಮ್ಮ ಬೆರಳುಗಳೇ ಅದನ್ನು ಒಳಕ್ಕೆ ಒತ್ತುತ್ತವೆ. ಕಷ್ಟದ ಕೆಲಸದಲ್ಲಿ ಕೈ ತಾನಾಗಿಯೇ ಬಿಗಿಯುತ್ತದೆ, ಲಾಕ್ ಕೂಡ ಬಿಗಿಯುತ್ತದೆ. ಈ ಯೋಚನೆಯ ಸೊಗಸನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಈಗ ಆ ಶೇಕಡಾವಾರು ಲೆಕ್ಕಕ್ಕೆ ಬರೋಣ. ಹೊಸ ಚಾಕುವಿನಲ್ಲಿ ಪಟ್ಟಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಯಾರಕರ ಆಯ್ಕೆ. ಕೆಲವರು ಬೇಗನೆ ನಿಲ್ಲುವಂತೆ ಮಾಡುತ್ತಾರೆ, ಇನ್ನು ಕೆಲವರು ಉದ್ದೇಶಪೂರ್ವಕವಾಗಿಯೇ ಅರ್ಧದವರೆಗೆ ಬಿಡುತ್ತಾರೆ. ಅರ್ಧಕ್ಕೆ ನಿಂತಿರುವ ಹೊಸ ಚಾಕು ಸವೆದ ಚಾಕುವಲ್ಲ. ಹತ್ತು ವರ್ಷ ಬಳಸಿದ ಮೇಲೂ ಅದು ಅಲ್ಲೇ ಹತ್ತಿರದಲ್ಲಿ ನಿಂತಿದ್ದರೆ ಅದಕ್ಕಿಂತ ಒಳ್ಳೆಯ ಲಾಕ್ ಬೇಕಿಲ್ಲ. ಶುರುವಿನಲ್ಲಿ ಶೇ. 25ರಲ್ಲಿದ್ದು ಆರೇ ತಿಂಗಳಲ್ಲಿ ಶೇ. 70ಕ್ಕೆ ಹೋದ ಚಾಕುವೇ ಚಿಂತೆಗೆ ಕಾರಣವಾಗಬೇಕಾದದ್ದು. ಟೈಟಾನಿಯಂ ಅಲಗಿನ ಉಕ್ಕಿಗಿಂತ ಬಹಳ ಮೆದು. ರಾಕ್‌ವೆಲ್ ಮಾಪನದಲ್ಲಿ ಇದು ಸುಮಾರು 36, ಒಳ್ಳೆಯ ಅಲಗು 60ರ ಆಸುಪಾಸು. ಹಾಗಾಗಿ ಮೊದಲ ಕೆಲವು ತಿಂಗಳು ಎರಡು ಮೈಗಳೂ ಒಂದಕ್ಕೊಂದು ಹೊಂದಿಕೊಳ್ಳುವಾಗ ಪಟ್ಟಿ ಸ್ವಲ್ಪ ಮುಂದೆ ಸರಿಯುವುದು ಸಹಜ. ಆಮೇಲೂ ನಿಲ್ಲದೆ ಸರಿಯುತ್ತಿದ್ದರೆ ಏನೋ ಸರಿಯಿಲ್ಲ ಎಂದರ್ಥ. ಕೊಂಡ ದಿನ ಫೋನಿನಲ್ಲಿ ಒಂದು ಸ್ಪಷ್ಟ ಚಿತ್ರ ತೆಗೆದಿಟ್ಟು ವರ್ಷಕ್ಕೊಮ್ಮೆ ಹೋಲಿಸಿ ನೋಡುವುದು ನಾನು ಎಲ್ಲರಿಗೂ ಹೇಳುವ ಸಲಹೆ.

ಸವೆತ ತಡೆಯಲು ತಯಾರಕರು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಹಲವರು ಪಟ್ಟಿಯ ತುದಿಗೆ ಗಟ್ಟಿ ಉಕ್ಕಿನ ತುಂಡೊಂದನ್ನು ಸ್ಕ್ರೂ ಹಾಕಿ ಕೂರಿಸುತ್ತಾರೆ. ಸೆಬೆಂಜಾ 31ರಲ್ಲಿ ಪಟ್ಟಿಯ ತುದಿಗೆ ಸೆರಾಮಿಕ್ ಗುಂಡೊಂದಿದೆ, ಅಲಗಿನ ಬುಡಕ್ಕೆ ತಾಗುವುದು ಆ ಗುಂಡು. ಅಂದಮೇಲೆ ಪಟ್ಟಿಯ ಅಂಚು ಎಷ್ಟು ಮುಂದೆ ಬಂದಿದೆ ಎಂದು ಸಂದಿಯಲ್ಲಿ ಇಣುಕಿ ಅಳೆಯುವುದರಲ್ಲಿ ಹುರುಳೇ ಇಲ್ಲ. ಕಣ್ಣಿಗೆ ಕಾಣುವ ಅಂಚು ಅಲ್ಲಿ ಭಾರ ಹೊರುತ್ತಲೇ ಇಲ್ಲ.

ಹಾಗಾದರೆ ನೋಡಬೇಕಾದದ್ದೇನು? ಮೊದಲನೆಯದು ಅಲುಗಾಟ, ಅದೂ ಯಾವ ದಿಕ್ಕಿನದು ಎಂಬುದು. ಅಲಗನ್ನು ತೆರೆದು ಅದರ ಎರಡು ಚಪ್ಪಟೆ ಮೈಗಳನ್ನು ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲನೆ ಅಲ್ಲಾಡಿಸಿ. ಇಲ್ಲಿ ಸಡಿಲಿದ್ದರೆ ಅದು ಕೀಲಿನ ವಿಷಯ. ಎಷ್ಟೋ ಸಲ ಸ್ಕ್ರೂ ಸ್ವಲ್ಪ ಬಿಗಿದರೆ ಮುಗಿಯುತ್ತದೆ. ಆಮೇಲೆ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ, ಅಂದರೆ ಮಡಚುವ ದಿಕ್ಕಿನಲ್ಲಿ, ಒತ್ತಿ ನೋಡಿ. ಇಲ್ಲಿ ಕಟಕಟ ಎಂದರೆ ಅದು ಲಾಕಿನ ದೋಷ, ಕೀಲಿನ ಸ್ಕ್ರೂ ಎಷ್ಟು ಬಿಗಿದರೂ ಹೋಗದು. ಇವೆರಡನ್ನೂ ಒಂದೇ ಎಂದುಕೊಂಡು ಸ್ಕ್ರೂ ತಿರುಚಿ ತಿರುಚಿ ಚಾಕು ಹಾಳುಮಾಡಿಕೊಳ್ಳುವವರು ಬಹಳ. ಬೆನ್ನಿನ ಲಾಕಿನ ಚಾಕುಗಳಲ್ಲಿ ಮಾತ್ರ ಈ ದಿಕ್ಕಿನ ಕೂದಲೆಳೆಯಷ್ಟು ಅಲುಗಾಟ ಸಾಮಾನ್ಯ, ಅದಕ್ಕೆ ಗಾಬರಿಪಡಬೇಕಿಲ್ಲ.

ಎರಡನೆಯದು ನಿಧಾನವಾದ ಒತ್ತಡದ ಪರೀಕ್ಷೆ. ಹಿಡಿಯ ಎರಡು ಮಗ್ಗುಲುಗಳನ್ನು ಮಾತ್ರ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡಿಯಿರಿ. ಅಲಗು ಮಡಚಿ ಬರುವ ಸಂದಿಯ ಮೇಲೆ ಯಾವ ಬೆರಳೂ ಅಡ್ಡ ಇರಕೂಡದು. ಲಾಕಿನ ಪಟ್ಟಿಯನ್ನೂ ಒತ್ತಬೇಡಿ. ಅಲಗಿನ ಬೆನ್ನನ್ನು ಮೇಜಿನ ಮೇಲಿಟ್ಟ ದಪ್ಪ ಬಟ್ಟೆಗೆ ತಾಗಿಸಿ ಮೆಲ್ಲನೆ ಭಾರ ಹಾಕುತ್ತ ಹೋಗಿ. ಒಳ್ಳೆಯ ಲಾಕ್ ಅಲುಗುವುದಿಲ್ಲ. ಪಟ್ಟಿ ಹಿಂದಕ್ಕೆ ತೆವಳುವುದು ಕಂಡರೆ, ಬೆಲೆ ಎಷ್ಟೇ ಇರಲಿ, ಆ ಚಾಕುವನ್ನು ಹಿಂತಿರುಗಿಸಿ. ಅದೇ ಹಿಡಿತದಲ್ಲಿ ಹಿಡಿಯನ್ನು ಸ್ವಲ್ಪ ತಿರುಚಿಯೂ ನೋಡಬೇಕು. ಚಕ್ಕೆ ಎಬ್ಬಿಸುವಾಗ, ಮರದಲ್ಲಿ ಮೊನೆ ತಿರುಗಿಸುವಾಗ ಲಾಕ್ ಸೋಲುವುದು ಬಹುತೇಕ ತಿರುಚುವುದರಿಂದಲೇ.

ಮೂರನೆಯದು ಸಂಪರ್ಕ. ಅಲಗಿನ ಬುಡದ ಓರೆಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು, ಒಣಗಿಸಿ, ಹಲವು ಬಾರಿ ತೆರೆದು ಮುಚ್ಚಿ ನೋಡಿ. ಶಾಯಿ ಅಳಿಸಿದ ಜಾಗವೇ ನಿಜವಾಗಿ ತಾಗುತ್ತಿರುವ ಜಾಗ. ಅದು ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟಿದ್ದರೆ ಆ ಲಾಕ್ ಬೇಗ ಸವೆಯುತ್ತದೆ. ಗುಂಡಿನ ವಿನ್ಯಾಸದಲ್ಲಿ ಮಾತ್ರ ಚಿಕ್ಕ ಚುಕ್ಕೆಯೇ ಸರಿ.

ಬೆನ್ನನ್ನು ಮೇಜಿನ ಅಂಚಿಗೆ ಫಟ್ಟೆಂದು ಬಡಿದು ಲಾಕ್ ಪರೀಕ್ಷಿಸುವವರೂ ಇದ್ದಾರೆ. ಇದನ್ನು ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬಡಿತದ ಕ್ಷಣದಲ್ಲಿ ಅಲಗು ಪುಟಿಯುತ್ತದೆ, ಪಟ್ಟಿಯ ಮೇಲಿನ ಒತ್ತಡ ಒಂದು ಕ್ಷಣ ಕಳಚುತ್ತದೆ. ಹಾಗಾಗಿ ನಿಧಾನದ ಭಾರವನ್ನು ಧಾರಾಳವಾಗಿ ಹೊರುವ ಲಾಕೂ ಜಾರಬಹುದು. ಜಾರದಿದ್ದರೂ ಒಂದೊಂದು ಏಟೂ ಮೆದು ಟೈಟಾನಿಯಂ ಮೇಲೆ ತಗ್ಗು ಬೀಳಿಸುತ್ತದೆ. ಚೆನ್ನಾಗಿದ್ದ ಲಾಕನ್ನು ಪರೀಕ್ಷೆಯೇ ಕೆಡಿಸಿದಂತಾಯಿತು. ಮಣಿಕಟ್ಟು ಝಾಡಿಸಿ ಅಲಗನ್ನು ಪದೇ ಪದೇ ಹಾರಿಸಿ ತೆರೆಯುವ ಚಟವೂ ಇದೇ ಹಾನಿಯನ್ನು ನಿಧಾನವಾಗಿ ಮಾಡುತ್ತದೆ.

ಫ್ರೇಮ್ ಲಾಕೇ ಶ್ರೇಷ್ಠ ಎಂದು ನಾನು ಹೇಳುತ್ತಿಲ್ಲ. 1990ರ ದಶಕದ ಕೊನೆಗೆ ಬೆಂಚ್‌ಮೇಡ್ ತಂದ ಆಕ್ಸಿಸ್ ಲಾಕಿನಲ್ಲಿ ಎರಡು ಸಣ್ಣ ಸ್ಪ್ರಿಂಗುಗಳು ಒಂದು ಅಡ್ಡಕಡ್ಡಿಯನ್ನು ಅಲಗಿನ ಬುಡಕ್ಕೆ ಒತ್ತಿ ಹಿಡಿದಿರುತ್ತವೆ. ಬೆರಳನ್ನು ಅಲಗಿನ ದಾರಿಯಲ್ಲಿ ಇಡದೆಯೇ ಮುಚ್ಚಬಹುದು, ಎಡಗೈಯವರಿಗೂ ಬಲಗೈಯವರಿಗೂ ಒಂದೇ ಅನುಕೂಲ. ಪೇಟೆಂಟ್ ಅವಧಿ ಮುಗಿದ ಮೇಲೆ ಅದು ಅಗ್ಗದ ಚಾಕುಗಳಲ್ಲೂ ಬಂದಿದೆ. ಒಂದು ಸ್ಪ್ರಿಂಗ್ ಮುರಿದರೂ ಇನ್ನೊಂದರ ಬಲದಲ್ಲಿ ಲಾಕ್ ನಡೆಯುತ್ತದೆ, ಆದರೆ ಮುರಿದದ್ದು ಗೊತ್ತಾಗದೆ ಉಳಿಯುವ ಅಪಾಯವಿದೆ. ಕೋಲ್ಡ್ ಸ್ಟೀಲ್ ಕಂಪನಿಗಾಗಿ ಆಂಡ್ರೂ ಡೆಮ್ಕೊ ರೂಪಿಸಿದ ಟ್ರೈ-ಆ್ಯಡ್ ಲಾಕ್ ಬೆನ್ನಿನ ಲಾಕಿಗೆ ಸ್ಟಾಪ್ ಪಿನ್ ಸೇರಿಸಿ ಭಾರ ಹಂಚಿದ ವಿನ್ಯಾಸ. ಒರಟು ಕೆಲಸಕ್ಕೆ ಸೆಬೆಂಜಾಕ್ಕಿಂತ ಬಹಳ ಕಡಿಮೆ ಬೆಲೆಯ ಈ ಚಾಕುಗಳನ್ನೇ ನಾನು ಸೂಚಿಸುತ್ತೇನೆ.

ಜನ ಪರೀಕ್ಷಿಸಲು ಮರೆಯುವ ಭಾಗ ಇನ್ನೊಂದಿದೆ: ಮಡಚಿದ ಚಾಕು ಮಡಚಿಯೇ ಇರುತ್ತದೆಯೇ ಎಂಬುದು. ಲೈನರ್ ಮತ್ತು ಫ್ರೇಮ್ ಲಾಕುಗಳಲ್ಲಿ ಪಟ್ಟಿಯಲ್ಲಿರುವ ಪುಟ್ಟ ಗುಂಡು ಅಲಗಿನ ಬುಡದ ಕುಳಿಯಲ್ಲಿ ಕೂತು ಅಲಗನ್ನು ಮುಚ್ಚಿ ಹಿಡಿದಿರುತ್ತದೆ. ಅದರ ಹಿಡಿತ ಸಡಿಲವಾಗಿದ್ದರೆ ಜೇಬಿನಲ್ಲೇ ಅಲಗು ಅರ್ಧ ತೆರೆದುಕೊಳ್ಳಬಹುದು. ಜೇಬಿಗೆ ಕೈ ಹಾಕಿದವರಿಗೆ ಅದರ ಪರಿಣಾಮ ಗೊತ್ತಾಗುತ್ತದೆ. ಮಡಚಿದ ಚಾಕುವನ್ನು ಅಲಗು ಕೆಳಮುಖವಾಗಿರುವಂತೆ ಹಿಡಿದು, ಕೈಕಾಲು ದೂರವಿಟ್ಟು ಒಮ್ಮೆ ಜೋರಾಗಿ ಕುಲುಕಿ ನೋಡಿದರೆ ಸಾಕು.

ಲಾಕ್ ಇರುವುದೇ ತೊಡಕಾಗುವ ದೇಶವೂ ಇದೆ. ಬ್ರಿಟನ್ನಿನಲ್ಲಿ ಬಾಯಿಯ ಉದ್ದ ಮೂರು ಇಂಚು ಮೀರದ ಮಡಚುವ ಜೇಬುಚಾಕುವನ್ನು ಸಾರ್ವಜನಿಕ ಜಾಗದಲ್ಲಿ ಕಾರಣ ಹೇಳದೆ ಇಟ್ಟುಕೊಳ್ಳಬಹುದು. ಆದರೆ ಲಾಕ್ ಆಗುವ ಚಾಕು ಈ ವಿನಾಯಿತಿಗೆ ಸೇರುವುದಿಲ್ಲ ಎಂದು ಅಲ್ಲಿನ ನ್ಯಾಯಾಲಯ 1990ರ ದಶಕದಲ್ಲೇ ತೀರ್ಪು ಕೊಟ್ಟಿದೆ. ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಓದಲು, ದುಡಿಯಲು ಹೋಗುವ ನಮ್ಮ ಹುಡುಗರು ಇದನ್ನು ನೆನಪಿಡಬೇಕು. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ, ಮನೆಗೆಲಸ, ಬೇಸಾಯದಂಥ ಬಳಕೆಗಲ್ಲದ ಅಲಗುಗಳನ್ನು ಆಯುಧವೆಂದು ಪಟ್ಟಿಮಾಡುತ್ತವೆ. ಜೇಬುಚಾಕು ಆ ಅಳತೆಗಿಂತ ಬಹಳ ಚಿಕ್ಕದು. ಹಾಗೆಂದು ಅದನ್ನು ವಿಮಾನದ ಕೈಚೀಲದಲ್ಲಿ ಒಯ್ಯುವಂತಿಲ್ಲ.

ಇಷ್ಟಾದ ಮೇಲೆ ಹೆಚ್ಚಿನ ಬೆಲೆಗೆ ಸಿಗುವುದೇನು ಎಂಬ ಪ್ರಶ್ನೆ ಉಳಿಯುತ್ತದೆ. ಬಲ ಮಾತ್ರ ಬೇಕಿದ್ದರೆ ಅಷ್ಟು ಹಣ ಬೇಡ. ಕೂದಲಿಗಿಂತ ಸಣ್ಣ ಅಳತೆಯ ನಿಖರತೆ, ಪೂರ್ತಿ ಬಿಚ್ಚಿ ತೊಳೆದು ಮತ್ತೆ ಜೋಡಿಸಿದರೂ ಮೊದಲಿನಂತೆಯೇ ನಡೆಯುವ ಕೀಲು, ಸವೆದಾಗ ತಯಾರಕರೇ ಸರಿಮಾಡಿಕೊಡುವ ಸೇವೆ, ಇವಕ್ಕೆ ಆ ಬೆಲೆ. ಈ ಸೇವೆ ಬೆಂಗಳೂರಿನಿಂದ ಕೈಗೆಟುಕುವಷ್ಟು ಸುಲಭವಲ್ಲ. ಐಡಹೋಗೆ ಕಳಿಸಿ ತರಿಸಿಕೊಳ್ಳುವ ಎರಡು ಕಡೆಯ ಸಾಗಣೆ ವೆಚ್ಚ, ಮರಳಿ ಬರುವಾಗ ಕಸ್ಟಮ್ಸ್‌ನವರಿಗೆ ಕೊಡಬೇಕಾದ ವಿವರಣೆ, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿದ್ದುಕೊಂಡು ಕೊಳ್ಳುವವರಾದರೆ, ಲಾಕಿನ ತುದಿಗೆ ಸ್ಕ್ರೂ ಹಾಕಿದ ಉಕ್ಕಿನ ತುಂಡಿರುವ ಚಾಕುವನ್ನೇ ಆರಿಸಿ. ಕೊಳ್ಳುವ ಮೊದಲೇ ಆ ತುಂಡು ಬಿಡಿಯಾಗಿ ಸಿಗುತ್ತದೆಯೇ ಎಂದು ಮಾರುವವರನ್ನು ಕೇಳಿ ತಿಳಿದುಕೊಳ್ಳಿ.